‘ಕಟ್ ಲೆವೆಲ್ 5’ ಗ್ಲೌಸ್ ಹಾಕಿಕೊಂಡು ಬಿಸಿ ಕಾಸ್ಟಿಂಗ್ ಹಿಡಿಯಬೇಡಿ

ಪೀಣ್ಯ, ಬೊಮ್ಮಸಂದ್ರ, ಕಾಮಾಕ್ಷಿಪಾಳ್ಯ ಕಡೆಯ ಸಣ್ಣ ಯೂನಿಟ್‌ಗಳಲ್ಲಿ ಕೆಲಸ ಮಾಡುವವರು, ಅದರಲ್ಲೂ ಸ್ಟೋರ್ಸ್‌ಗೆ ಸಾಮಾನು ತರಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬ್ಲೇಡ್ ತಾಗಿದರೂ ಕುಯ್ಯುವುದಿಲ್ಲ ಅಂತ ಮಾರುವ ಬೂದು ಬಣ್ಣದ ಹೆಣೆದ ಗ್ಲೌಸ್ ಇದೆಯಲ್ಲ, ಅಂಗೈಗೆ ಕಪ್ಪು ಕೋಟಿಂಗ್ ಇರುತ್ತದೆ, ಅದು ಬಿಸಿಗೆ ಕರಗುತ್ತದೆ. ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಒಬ್ಬ ಹುಡುಗನ ಬಲಗೈಗೆ ಹಾಗೇ ಆಯಿತು.

ನಾನು ಪೀಣ್ಯದ ಒಂದು ಅಲ್ಯೂಮಿನಿಯಂ ಡೈ ಕಾಸ್ಟಿಂಗ್ ಯೂನಿಟ್‌ನಲ್ಲಿ ಶಿಫ್ಟ್ ಸೂಪರ್‌ವೈಸರ್. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ನಾವು ಬಳಸುವ ಅಲಾಯ್ ಅದಕ್ಕಿಂತ ಸ್ವಲ್ಪ ಕಡಿಮೆಗೇ ಕರಗುತ್ತದೆ. ಮೆಷಿನ್ ಅದನ್ನು ಡೈ, ಅಂದರೆ ಅಚ್ಚಿನ ಒಳಗೆ ನುಗ್ಗಿಸುತ್ತದೆ, ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ, ಡೈ ತೆರೆದರೆ ಪೀಸ್ ಹೊರಗೆ. ಅದರ ಜೊತೆ ರನ್ನರ್ (ಲೋಹ ಹರಿದು ಬಂದ ದಾರಿಯಲ್ಲೇ ಗಟ್ಟಿಯಾದ ಕಡ್ಡಿ), ಬಿಸ್ಕೆಟ್ (ಅದರ ಬುಡದಲ್ಲಿ ಉಳಿಯುವ ದಪ್ಪ ಬಿಲ್ಲೆ), ಅಂಚಿನ ಸುತ್ತ ಬ್ಲೇಡಿನಷ್ಟು ತೆಳ್ಳಗಿನ ಫ್ಲ್ಯಾಶ್ ಎಲ್ಲ ಇರುತ್ತದೆ. ಹೆಲ್ಪರ್ ಅದನ್ನು ಹಿಡಿದು ರನ್ನರ್ ಮುರಿಯಬೇಕು. ಅಂದರೆ ಕೈಗೆ ಕುಯ್ಯುವ ಭಯವೂ ಇದೆ, ಸುಡುವ ಭಯವೂ ಇದೆ. ಇನ್ನೊಂದು ತೊಂದರೆ ಏನೆಂದರೆ, ಕಾದ ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ತೋರಿಸಿಕೊಳ್ಳುವುದಿಲ್ಲ. ಬೆಳ್ಳಗೆ, ಸುಮ್ನೆ ಕೂತಿರುತ್ತದೆ.

ಮೊದಲು ನಮ್ಮಲ್ಲಿ ಚರ್ಮದ ಗ್ಲೌಸ್ ಇತ್ತು. ಅದು ಬಿಸಿಗೆ ಒಣಗಿ ಗಟ್ಟಿಯಾಗುತ್ತಿತ್ತು, ಬೆರಳ ತುದಿಯಲ್ಲಿ ಫ್ಲ್ಯಾಶ್ ತಾಗಿ ಸೀಳುತ್ತಿತ್ತು. ಯಾವಾಗ ನೋಡಿದರೂ ಯಾರದೋ ಒಂದು ಬೆರಳಿಗೆ ಬ್ಯಾಂಡೇಜ್. ಹುಡುಗರು ಬೇರೆ ಗ್ಲೌಸ್ ಕೊಡಿಸಿ ಅಂತ ಕೇಳುತ್ತಲೇ ಇದ್ದರು. ಆಗ ಬಂದ ನೋಡಿ ಒಬ್ಬ ಸೇಫ್ಟಿ ಸಾಮಾನಿನ ಡೀಲರ್.

ಆಫೀಸಿನ ಟೇಬಲ್ ಮೇಲೆ ಗ್ಲೌಸ್ ಹಾಕಿದ ಕೈ ಇಟ್ಟು, ಕಟರ್ ಬ್ಲೇಡ್ ತೆಗೆದು, ಅಂಗೈ ಮೇಲೆ ಸರಸರ ಎಳೆದ. ಒಂದು ಗೀರು ಬಿಟ್ಟರೆ ಏನೂ ಆಗಲಿಲ್ಲ. “ಲೆವೆಲ್ ಫೈವ್ ಸಾರ್. ಇದರ ಮೇಲೆ ಇನ್ನಿಲ್ಲ” ಅಂದ. ಬಿಸಿ ತಡೆಯುತ್ತಾ ಅಂತ ನಾನು ಕೇಳಿದೆ. “ಅಯ್ಯೋ, ಬ್ಲೇಡೇ ಒಳಗೆ ಹೋಗಲ್ಲ, ಬಿಸಿ ಎಲ್ಲಿ ಹೋಗುತ್ತೆ ಸಾರ್? ಡೈ ಕಾಸ್ಟಿಂಗ್‌ನವರೆಲ್ಲ ಇದನ್ನೇ ತಗೊಳ್ಳೋದು” ಅಂತ ಹೇಳಿ, ಲೈಟರ್ ಹಚ್ಚಿ ಕೋಟಿಂಗ್ ಮೇಲೆ ಹೀಗೆ ಹಾಯಿಸಿ ಹಾಗೆ ತೆಗೆದ. ಅಷ್ಟು ಬೇಗ ಹಾಯಿಸಿದರೆ ಬರಿಗೈಗೂ ಏನೂ ಆಗುವುದಿಲ್ಲ, ಅಲ್ವಾ? ಆದರೆ ಬ್ಲೇಡಿನ ಆಟ ನೋಡಿದ್ದ ಓನರ್‌ಗೆ ಅಷ್ಟು ಸಾಕಾಯಿತು. ಆರ್ಡರ್ ಹೋಯಿತು.

ತಣ್ಣಗಿನ ಪೀಸ್‌ಗಳಿಗೆ ಆ ಗ್ಲೌಸ್ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಿಡಿತ ಚೆನ್ನಾಗಿ ಸಿಗುತ್ತಿತ್ತು, ಕುಯ್ದುಕೊಳ್ಳುವುದು ನಿಂತೇ ಹೋಯಿತು. ಆಮೇಲೆ ಒಂದು ಅರ್ಜೆಂಟ್ ಲಾಟ್ ಬಂತು. ಮೆಷಿನ್ ಸೈಕಲ್ ಜೋರು ಮಾಡಿದರು. ಟೇಬಲ್ ಮೇಲೆ ಪೀಸ್ ಆರುವುದಕ್ಕೆ ಸಿಗುತ್ತಿದ್ದ ಸಮಯ ಕಡಿಮೆಯಾಯಿತು. ಸಿಂಧನೂರು ಕಡೆಯ ಒಬ್ಬ ಹುಡುಗ ರನ್ನರ್ ಮುರಿಯುತ್ತಿದ್ದ. ಬಿಸ್ಕೆಟ್ ಭಾಗವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಡೈಯಿಂದ ಒಂದು ಸಲಕ್ಕೆ ಹೊರಬರುವ ಇಡೀ ತುಂಡಿನಲ್ಲಿ ಅತಿ ದಪ್ಪದ ಭಾಗ ಅದೇ, ಎಲ್ಲಕ್ಕಿಂತ ಕೊನೆಗೆ ಆರುವುದೂ ಅದೇ. ಕೂಗಿಕೊಂಡು ಪೀಸ್ ಎಸೆದ. ನಾನು ಓಡಿ ಹೋಗುವಷ್ಟರಲ್ಲಿ ಎಡಗೈಯಿಂದ ಗ್ಲೌಸ್ ಎಳೆಯುತ್ತಾ “ಬಿಚ್ಚಾಕ ಬರವಲ್ದ್ರಿ ಸರ” ಅನ್ನುತ್ತಿದ್ದ.

ಅಂಗೈ ನಡುವೆ ಕೋಟಿಂಗ್ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಅದರ ಕೆಳಗೆ ನೂಲು ಅನ್ನುವುದೇ ಉಳಿದಿರಲಿಲ್ಲ, ಬೂದು ಬಣ್ಣದ ಗಟ್ಟಿ ಹೆಪ್ಪಾಗಿತ್ತು. ಅಲ್ಲಲ್ಲಿ ಗಾಜಿನ ನಾರಿನ ತುದಿಗಳು ಎದ್ದು ನಿಂತಿದ್ದವು. ಪಕ್ಕದಲ್ಲಿದ್ದವನು ಸಹಾಯ ಮಾಡಲು ಹೋಗಿ ಒಂದೇ ಸಲ ಜಗ್ಗಿದ. ಗ್ಲೌಸ್ ಜೊತೆ ಚರ್ಮವೂ ಬಂತು.

ಇಲ್ಲಿ ಒಂದು ಮಾತು. ಅಂಟಿಕೊಂಡಿದ್ದರೆ ಎಳೆಯಬೇಡಿ. ಗ್ಲೌಸ್ ಸಮೇತ ಕೈಯನ್ನು ಹರಿಯುವ ನಲ್ಲಿ ನೀರಿಗೆ ಹಿಡಿಯಿರಿ, 20 ನಿಮಿಷ. ಅಂಟದೇ ಇರುವ ಭಾಗವನ್ನು ಮಾತ್ರ ಕತ್ತರಿಯಿಂದ ಕತ್ತರಿಸಿ ಬಿಡಿಸಿ, ಉಳಿದದ್ದು ಡಾಕ್ಟರ್ ಕೆಲಸ. ನಮ್ಮಲ್ಲಿ ಅಷ್ಟರಲ್ಲಾಗಲೇ ಒಬ್ಬ ಟೂತ್‌ಪೇಸ್ಟ್ ಹಿಡಿದು ಬಂದಿದ್ದ. ಅವನನ್ನು ಬೈದು ಕಳಿಸಿದೆ. ಪೇಸ್ಟ್, ಇಂಕು, ಅರಿಶಿನ, ಐಸ್, ಯಾವುದೂ ಬೇಡ.

ಆಸ್ಪತ್ರೆ ವಿಷಯಕ್ಕೂ ಜಗ್ಗಾಟ ಆಯಿತು. “ಇಎಸ್‌ಐ ಎಲ್ಲ ಬೇಡ, ಇಲ್ಲೇ ಕ್ಲಿನಿಕ್‌ನಲ್ಲಿ ತೋರಿಸಿ ಮುಗಿಸೋಣ” ಅನ್ನುವ ಮಾತು ಎಲ್ಲ ಕಡೆ ಬರುತ್ತದೆ, ನಮ್ಮಲ್ಲೂ ಬಂತು. ಒಪ್ಪಬೇಡಿ. ಕೆಲಸದ ಗಾಯ ಅಂತ ದಾಖಲಾದರೆ, ಕೆಲಸಕ್ಕೆ ಬರಲಾಗದ ದಿನಗಳಿಗೆ ಕೂಲಿಯ 90 ಪರ್ಸೆಂಟ್ ಇಎಸ್‌ಐನಿಂದ ಸಿಗುತ್ತದೆ. ಅದಕ್ಕೆ ಕಂಪನಿ ಅಪಘಾತದ ವರದಿ ಕೊಡಬೇಕು. ಕ್ಲಿನಿಕ್ ಚೀಟಿಯಲ್ಲಿ ‘ಮನೆಯಲ್ಲಿ ಸುಟ್ಟಿದ್ದು’ ಅಂತ ಬರೆಸಿಬಿಟ್ಟರೆ ಆಮೇಲೆ ಏನೂ ಮಾಡುವ ಹಾಗಿಲ್ಲ ಅನ್ನುವಷ್ಟು ಕಷ್ಟ. ನಮ್ಮ ಹುಡುಗನದ್ದು ದಾಖಲಾಯಿತು. ಈಗ ಕೈ ಮಡಚುತ್ತಾನೆ, ಮುಷ್ಟಿ ಮಾತ್ರ ಪೂರ್ತಿ ಬಿಗಿಯಾಗುವುದಿಲ್ಲ.

ಸರಿ, ಗ್ಲೌಸ್‌ಗೆ ಬರೋಣ. ಅದರ ನೂಲಿಗೆ ಎಚ್‌ಪಿಪಿಇ ಅನ್ನುತ್ತಾರೆ. ತುಂಬಾ ಗಟ್ಟಿ ಮಾಡಿದ ಪಾಲಿಥೀನ್, ನಿಮ್ಮ ಮನೆಗೆ ಬರುವ ಹಾಲಿನ ಕವರ್ ಕುಲದ್ದೇ. ಕುಯ್ಯುವುದನ್ನು ತಡೆಯಲು ಅದರ ಜೊತೆ ಗಾಜಿನ ನಾರು ಅಥವಾ ಸ್ಟೀಲ್ ತಂತಿ ಸೇರಿಸುತ್ತಾರೆ. ಬ್ಲೇಡಿಗೆ ಅದು ಗಟ್ಟಿ. ಆದರೆ 150 ಡಿಗ್ರಿ ಹತ್ತಿರ ಬಂದರೆ ಕರಗುತ್ತದೆ, ಅದಕ್ಕೂ ಮೊದಲೇ ಬಲ ಕಳೆದುಕೊಳ್ಳುತ್ತದೆ. ಬಿಸಿಗೆ ಬೇಕಾದ್ದು ಅರಾಮಿಡ್ ನೂಲು. ಕೆವ್ಲಾರ್ ಅಂತ ಅಂಗಡಿಗಳಲ್ಲಿ ಕೇಳುತ್ತೀರಲ್ಲ, ಅದು ಅರಾಮಿಡ್‌ನ ಒಂದು ಬ್ರ್ಯಾಂಡ್ ಹೆಸರು. ಅದು ಕರಗುವುದಿಲ್ಲ. 400 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕಪ್ಪಾಗಿ ಕರಕಲಾಗುತ್ತದೆ.

ಗ್ಲೌಸ್ ಹಿಂಭಾಗ ನೋಡಿ. ಗುರಾಣಿ ಒಳಗೆ ಸುತ್ತಿಗೆಯ ಚಿತ್ರ ಇದ್ದರೆ ಅದು ಇಎನ್ 388, ಯುರೋಪಿನ ಮಾನದಂಡ. ಕೆಳಗಿನ ಅಂಕಿಗಳು ಕ್ರಮವಾಗಿ ಸವೆತ, ಕುಯ್ತ, ಹರಿಯುವುದು, ಚುಚ್ಚುವುದು. ಬಿಸಿಯ ಮಾತೇ ಅಲ್ಲಿಲ್ಲ. ನಮ್ಮ ಗ್ಲೌಸ್ ಮೇಲೆ 4543 ಅಂತ ಇತ್ತು. ಡೀಲರ್ ಹೇಳಿದ ‘ಲೆವೆಲ್ ಫೈವ್’ ಅದರ ಎರಡನೇ ಅಂಕಿ. ಆ ಅಂಕಿಯೂ ಪೂರ್ತಿ ನಂಬುವಂಥದ್ದಲ್ಲ. ಆ ಪರೀಕ್ಷೆಯಲ್ಲಿ ಒಂದು ದುಂಡು ಬ್ಲೇಡ್ ಬಟ್ಟೆ ಮೇಲೆ ಹಿಂದೆ ಮುಂದೆ ಉರುಳುತ್ತದೆ. ಗಾಜಿನ ನಾರು, ಸ್ಟೀಲ್ ಇದ್ದರೆ ಬ್ಲೇಡೇ ಮೊಂಡಾಗುತ್ತದೆ, ಗ್ಲೌಸ್‌ಗೆ ಸುಮ್ನೆ ಜಾಸ್ತಿ ಮಾರ್ಕ್ಸ್ ಬೀಳುತ್ತದೆ. ಅದಕ್ಕೇ 2016ರ ಆವೃತ್ತಿಯಲ್ಲಿ ಇನ್ನೊಂದು ಪರೀಕ್ಷೆ ಸೇರಿಸಿ, ಅಂಕಿಗಳ ಕೊನೆಗೆ ಎ ಇಂದ ಎಫ್ ತನಕ ಒಂದು ಅಕ್ಷರ ಕೊಟ್ಟರು. ಕುಯ್ಯಲು ಬ್ಲೇಡಿಗೆ ಎಷ್ಟು ಬಲ ಬೇಕು ಅನ್ನುವ ಲೆಕ್ಕ ಅದು. ಎ ಅಂದರೆ 2 ನ್ಯೂಟನ್, ಎಫ್ ಅಂದರೆ 30. ‘4ಎಕ್ಸ್42ಸಿ’ ಅಂತಿದ್ದರೆ ಎಕ್ಸ್ ಅಂದರೆ ದುಂಡು ಬ್ಲೇಡಿನ ಪರೀಕ್ಷೆ ಮಾಡಿಲ್ಲ, ಸಿ ಅಂದರೆ 10 ನ್ಯೂಟನ್. ನಮ್ಮ ಗ್ಲೌಸ್‌ನಲ್ಲಿ ಅಕ್ಷರವೇ ಇರಲಿಲ್ಲ. ಅಮೆರಿಕದ ಲೆಕ್ಕ ಬೇರೆ, ಎ1 ಇಂದ ಎ9. ಅಂಗಡಿಯವರು ಮೂರನ್ನೂ ಕಲಸಿ ‘ಲೆವೆಲ್ 5’ ಅಂತಾರೆ.

ಬಿಸಿಗೆ ಬೇರೆ ಗುರುತು ಇದೆ, ಇಎನ್ 407. ಬೆಂಕಿಯ ಜ್ವಾಲೆಯ ಚಿತ್ರ, ಕೆಳಗೆ ಆರು ಅಂಕಿ. 2020ರ ಆವೃತ್ತಿಯಲ್ಲಿ ಬೆಂಕಿಗೆ ಪರೀಕ್ಷೆ ಮಾಡದ ಗ್ಲೌಸ್‌ಗೆ ಜ್ವಾಲೆ ಇಲ್ಲದ ಬೇರೆ ಚಿತ್ರ ಬರುತ್ತದೆ. ನಮ್ಮಂಥವರು ನೋಡಬೇಕಾದ್ದು ಎರಡನೇ ಅಂಕಿ, ಬಿಸಿ ವಸ್ತು ಮುಟ್ಟುವುದರ ಲೆಕ್ಕ. 1 ಅಂದರೆ 100 ಡಿಗ್ರಿ, 2 ಅಂದರೆ 250, 3 ಅಂದರೆ 350, 4 ಅಂದರೆ 500. ಅದೂ ಎಷ್ಟು ಹೊತ್ತಿಗೆ? ಬರೀ 15 ಸೆಕೆಂಡಿಗೆ. ಗಟ್ಟಿಯಾಗಿ ಅಮುಕಿ ಹಿಡಿದರೆ ಇನ್ನೂ ಕಡಿಮೆ. ಒದ್ದೆಯಾಗಿದ್ದರೆ ಮರೆತುಬಿಡಿ, ನೀರು ಬಿಸಿಯನ್ನು ನೇರ ಕೈಗೆ ದಾಟಿಸುತ್ತದೆ. ಬಿಸಿ ಪೀಸ್ ಅದ್ದಿ ಆರಿಸುವ ಕ್ವೆಂಚಿಂಗ್ ಟ್ಯಾಂಕ್ ಪಕ್ಕದಲ್ಲಿ ಕೆಲಸ ಮಾಡುವವರ ಗ್ಲೌಸ್ ಒಣಗಿರುವುದೇ ಅಪರೂಪ.

ಹಾಗಾದರೆ ನಮ್ಮ ಪೀಸ್ ಎಷ್ಟು ಬಿಸಿ ಇತ್ತು? ಇದೊಂದು ದೊಡ್ಡ ಮೋಸ. ಇನ್‌ಚಾರ್ಜ್ ಒಬ್ಬರು ಮುಟ್ಟದೇ ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು “ನೋಡ್ರೀ, ನೂರ ಚಿಲ್ಲರೆ ಅಷ್ಟೇ, ಅವನು ನಾಟಕ ಮಾಡ್ತಿದ್ದಾನೆ” ಅಂದರು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಗನ್ ಸರಿಯಾಗಿ ಓದುವುದಿಲ್ಲ, ಇರುವುದಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಟೂಲ್ ರೂಮ್‌ನಿಂದ ಥರ್ಮೋಕಪಲ್ (ತಾಗಿಸಿ ಬಿಸಿ ಅಳೆಯುವ ತಂತಿ) ತಂದು ಬಿಸ್ಕೆಟ್‌ಗೆ ಒತ್ತಿ ಹಿಡಿದೆವು. 280 ದಾಟಿತು. ಇನ್‌ಚಾರ್ಜ್ ಗನ್ ಜೇಬಿಗೆ ಹಾಕಿಕೊಂಡರು.

ಡೀಲರ್‌ಗೆ ಫೋನ್ ಮಾಡಿದೆವು. “ನೀವು ಕಟ್ ಗ್ಲೌಸ್ ತಾನೇ ಸಾರ್ ಕೇಳಿದ್ದು?” ಅಂದ. ಸರ್ಟಿಫಿಕೇಟ್ ಕೇಳಿದರೆ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಬಂತು. ಅದರಲ್ಲಿದ್ದ ಮಾಡೆಲ್ ನಂಬರ್ ಬೇರೆ, ನಮ್ಮ ಗ್ಲೌಸ್ ಟ್ಯಾಗ್‌ನಲ್ಲಿದ್ದದ್ದು ಬೇರೆ. ಬಿಲ್ ತೆಗೆದು ನೋಡಿದರೆ ಬರೀ ‘ಹ್ಯಾಂಡ್ ಗ್ಲೌಸ್’. ಇಷ್ಟರ ಮೇಲೆ ಏನಂತ ಜಗಳ ಆಡುವುದು? ದುಡ್ಡೂ ವಾಪಸ್ ಬರಲಿಲ್ಲ.

ಈಗ ನಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋದರೂ ಸರಿ, ಯಾರಾದರೂ ಸ್ಯಾಂಪಲ್ ತಂದರೂ ಸರಿ, ಮಣಿಕಟ್ಟಿನ ಹತ್ತಿರದಿಂದ ಒಂದೆಳೆ ನೂಲು ಎಳೆದು, ಇಕ್ಕಳದಲ್ಲಿ ಹಿಡಿದು, ಹೊರಗೆ ನಿಂತು ಲೈಟರ್ ಹಿಡಿಯುತ್ತೇನೆ. ಎಚ್‌ಪಿಪಿಇ ಆದರೆ ಜ್ವಾಲೆ ಹತ್ತಿರ ಬರುತ್ತಿದ್ದಂತೆ ಮುದುರಿ ಸಣ್ಣ ಮಣಿಯಾಗುತ್ತದೆ. ಅರಾಮಿಡ್ ಆದರೆ ಕಪ್ಪಾಗುತ್ತದೆ, ಮಣಿ ಕಟ್ಟುವುದಿಲ್ಲ. ಹತ್ತಿ ನೂಲಾದರೆ ಉರಿದು ಕಾಗದ ಸುಟ್ಟ ವಾಸನೆ ಬರುತ್ತದೆ. ಹಳದಿ ಬಣ್ಣ ನೋಡಿ ಕೆವ್ಲಾರ್ ಅಂದುಕೊಳ್ಳಬೇಡಿ, ಹಳದಿ ಬಣ್ಣ ಯಾವ ನೂಲಿಗೆ ಬೇಕಾದರೂ ಹಾಕಬಹುದು. ಈ ಲೈಟರ್ ಪರೀಕ್ಷೆ ನೂಲು ಯಾವುದು ಅಂತ ಮಾತ್ರ ಹೇಳುತ್ತದೆ, ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಹೇಳುವುದಿಲ್ಲ. ಅದಕ್ಕೆ ಇಎನ್ 407 ಅಂಕಿಯೇ ಬೇಕು, ಆ ಅಂಕಿ ಮಾಡೆಲ್ ನಂಬರ್ ಸಮೇತ ಬಿಲ್ ಮೇಲೂ ಬರಬೇಕು. ಬರೆಯಲು ಹಿಂದೆ ಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿ. ‘ಆಸ್ಬೆಸ್ಟಾಸ್ ಗ್ಲೌಸ್’ ಅಂತ ಹಳೇ ಸ್ಟಾಕ್ ತೋರಿಸಿದರೆ ಮುಟ್ಟಲೂ ಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಡ್ರಿಲ್ಲಿಂಗ್‌ನವರಿಗೂ ಒಂದು ಮಾತು. ಈ ಗ್ಲೌಸ್ ಸಿಕ್ಕಿದ ಖುಷಿಗೆ ನಮ್ಮಲ್ಲಿ ಇಬ್ಬರು ಅದನ್ನೇ ಹಾಕಿಕೊಂಡು ಡ್ರಿಲ್ ಮೆಷಿನ್‌ಗೆ ನಿಂತಿದ್ದರು. ತಿರುಗುವ ಬಿಟ್‌ಗೆ ನೂಲು ಸಿಕ್ಕಿಕೊಂಡರೆ ಸಾಮಾನ್ಯ ಬಟ್ಟೆಯಾದರೂ ಹರಿಯಬಹುದು, ಇದು ಹರಿಯುವುದಿಲ್ಲ. ಬೆರಳನ್ನೇ ಎಳೆದುಕೊಳ್ಳುತ್ತದೆ. ಡ್ರಿಲ್, ಲೇತ್ ಹತ್ತಿರ ಯಾವ ಗ್ಲೌಸೂ ಬೇಡ.

ಈಗ ನಮ್ಮ ಲೈನಿನಲ್ಲಿ ಅರಾಮಿಡ್ ಗ್ಲೌಸ್ ಇದೆ, ಒಳಗೆ ಹತ್ತಿ ಲೈನಿಂಗ್, ಅಂಗೈಗೆ ಚರ್ಮ, ಮಣಿಕಟ್ಟು ಮುಚ್ಚುವಷ್ಟು ಉದ್ದ, ಎರಡನೇ ಅಂಕಿ 3. ಬೆಲೆ ಹಳೆಯದರ ಹಲವು ಪಟ್ಟು, ಓನರ್ ಇನ್ನೂ ಗೊಣಗುತ್ತಾರೆ. ಬಿಸ್ಕೆಟ್ ಹಿಡಿಯುವುದು ಇಕ್ಕಳದಲ್ಲಿ ಮಾತ್ರ. ಪೀಸ್ ಆರಲು ಟೇಬಲ್ ಮೇಲೆ ಫ್ಯಾನ್ ಇಟ್ಟಿದ್ದೇವೆ. ಉಳಿದ ಬೂದು ಗ್ಲೌಸ್‌ಗಳನ್ನು ಬಿಸಾಡಿಲ್ಲ. ಕೆಂಪು ಟೇಪ್ ಸುತ್ತಿ ಪ್ಯಾಕಿಂಗ್ ವಿಭಾಗಕ್ಕೆ ಕೊಟ್ಟಿದ್ದೇವೆ. ಅಲ್ಲಿ ಬರುವುದು ಪೂರ್ತಿ ಆರಿದ ಪೀಸ್‌ಗಳೇ.