ಜೋಗವೋ, ಹಿಡ್ಲುಮನೆಯೋ, ಜೋಗಿಗುಂಡಿಯೋ?

ಶಿವಮೊಗ್ಗದಿಂದ ಒಂದೇ ದಿನದಲ್ಲಿ ಹೋಗಿ ಬರಲು ಯಾವ ಜಲಪಾತ ಎಂದು ಕೇಳಿದ್ದೀರಿ. ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ವಯಸ್ಸಾದವರಿದ್ದರೆ ಜೋಗ. ಸಾಗರ ಪಟ್ಟಣದ ಮಾರ್ಗವಾಗಿ ಸುಮಾರು 100 ಕಿ.ಮೀ., ಬಸ್ಸಿದೆ, ಖರ್ಚೂ ಕಡಿಮೆ. ನಿಂತಲ್ಲೇ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಾಣುತ್ತವೆ. ಕಾಲಿಗೆ ಕೆಲಸ ಬೇಕೆಂದವರು ಸಾವಿರಕ್ಕೂ ಹೆಚ್ಚು ಮೆಟ್ಟಿಲಿಳಿದು ಬುಡಕ್ಕೆ ಹೋಗಬಹುದು. ಮಳೆ ಜೋರಾದಾಗ ಆ ದಾರಿ ಮುಚ್ಚುವುದುಂಟು. ಬೇಸಿಗೆಯಲ್ಲಿ ಮಾತ್ರ ಬೇಡ. ಶರಾವತಿಯ ನೀರೆಲ್ಲ ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತಿರುತ್ತದೆ.

ನಡೆಯುವುದೇ ಆಸೆಯಾದರೆ ಹಿಡ್ಲುಮನೆ. ನಿಟ್ಟೂರಿನ ಕಡೆಯಿಂದ ಕೊಡಚಾದ್ರಿಯ ಮಗ್ಗುಲಲ್ಲಿ ಹಳ್ಳದ ಬಂಡೆಗಳನ್ನು ಕೈಯೂರಿ ಹತ್ತುತ್ತಾ ಹೋದರೆ ಒಂದರ ಮೇಲೊಂದು ಅಬ್ಬಿ (ಜಲಪಾತ). ಪಾಚಿ ಹಿಡಿದ ಕಲ್ಲಿನ ಮೇಲೆ ಚಪ್ಪಲಿ ನಿಲ್ಲುವುದಿಲ್ಲ, ಹಿಡಿತವಿರುವ ಶೂ ಬೇಕೇಬೇಕು. ಉಂಬಳವಂತೂ (ಕಾಡಿನ ಜಿಗಣೆ) ಎಲೆಯ ತುದಿಯಲ್ಲೇ ತಲೆಯೆತ್ತಿ ಕಾಯುತ್ತಿರುತ್ತದೆ. ನಾನು ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ, ನಿಂಬೆರಸದಲ್ಲಿ ಅದ್ದಿ, ಆಗಾಗ ಪಾದಕ್ಕೆ ಒರೆಸಿಕೊಳ್ಳುತ್ತೇನೆ. ಕಚ್ಚಿದ್ದನ್ನು ಎಳೆಯಬೇಡಿ, ಆ ಗಂಟನ್ನು ತಾಗಿಸಿದರೆ ತಾನೇ ಉದುರುತ್ತದೆ. ಜೀಪಿನ ಬಾಡಿಗೆ ಸೇರುವುದರಿಂದ ನಾಲ್ಕೈದು ಜನರಾದರೆ ಹಗುರ. ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚೆಯೇ ವಿಚಾರಿಸಿ. ಜಡಿಮಳೆಯಲ್ಲಿ ಹಳ್ಳ ಏಕಾಏಕಿ ಏರುತ್ತದೆ; ನನ್ನ ಕೇಳಿದರೆ ಅಕ್ಟೋಬರ್, ನವೆಂಬರ್ ಚೆನ್ನ.

ಸಣ್ಣ ಮಕ್ಕಳಿದ್ದು ಸ್ವಲ್ಪ ಕಾಡೂ ಬೇಕೆಂದರೆ ಆಗುಂಬೆಯ ಜೋಗಿಗುಂಡಿ. ಅಬ್ಬಿ ಚಿಕ್ಕದು, ನಡಿಗೆಯೂ ಚಿಕ್ಕದು. ಗುಂಡಿ ಆಳವಿದೆ, ಮಕ್ಕಳನ್ನು ನೀರಿಗೆ ಬಿಡಬೇಡಿ. ಮೋಡವಿಲ್ಲದಿದ್ದರೆ ಸಂಜೆ ಆಗುಂಬೆಯ ಸೂರ್ಯಾಸ್ತ ನೋಡಿಯೇ ಹೊರಡಿ.