ಕ್ಯಾಸೆಟ್ಟಿನಿಂದ ಪೆನ್‌ಡ್ರೈವಿಗೆ: ಮಂಡಿಪೇಟೆ ಅಂಗಡಿಯಲ್ಲಿ ನಮ್ಮ ಜಂಗಲ್ ಬುಕ್ ಹಾಡು

ಹಳೇ ಆಡಿಯೋ ಕ್ಯಾಸೆಟ್ಟನ್ನ ಪೆನ್‌ಡ್ರೈವಿಗೆ ಹಾಕಿಕೊಡೋರು ದಾವಣಗೆರೆಯಲ್ಲಿ ಯಾರಿದ್ದಾರೆ ಅಂತ ಎರಡು ತಿಂಗಳು ಹುಡುಕಿದೆ. ಮದುವೆ ವಿಡಿಯೋ ಕ್ಯಾಸೆಟ್ ಇದ್ರೆ ತಗೊಂಬನ್ನಿ, ಆಡಿಯೋ ಮಾಡಲ್ಲ ಅಂತ ಸ್ಟುಡಿಯೋದವರು ಹೇಳಿ ಕಳಿಸಿದ್ರು. ಕೊನೆಗೆ ಸಿಕ್ಕಿದ್ದು ಮಂಡಿಪೇಟೆ ಒಳಗಿನ ಒಂದು ಸಣ್ಣ ಅಂಗಡಿ. ಮುಂದುಗಡೆ ಮಿಕ್ಸಿ, ಫ್ಯಾನ್ ರಿಪೇರಿ. ಹಿಂದುಗಡೆ ಒಂದು ಟೇಬಲ್ಲು, ಅದರ ಮೇಲೆ ಹಳೇ ಟೇಪ್ ಡೆಕ್ಕು, ಕಂಪ್ಯೂಟರು. ಬೋರ್ಡಿನಲ್ಲಿ ಈ ಕೆಲಸದ ಬಗ್ಗೆ ಒಂದಕ್ಷರ ಇಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ನಾನು ಒಯ್ದಿದ್ದು ಒಂದೇ ಕ್ಯಾಸೆಟ್ಟು, ಅರವತ್ತು ನಿಮಿಷದ್ದು. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರ್ತಿದ್ದ ಜಂಗಲ್ ಬುಕ್ ಕಾರ್ಟೂನಿನ ಶುರುವಿನ ಹಾಡು ಅದರಲ್ಲಿದೆ. ನಮ್ಮ ವಠಾರಕ್ಕೆಲ್ಲ ಸೇರಿ ಟೀವಿ ಇದ್ದದ್ದು ಮೇಷ್ಟ್ರ ಮನೇಲಿ ಮಾತ್ರ. ಮೇಷ್ಟ್ರ ಹೆಂಡತಿಯನ್ನ ನಾವು ಮಕ್ಕಳೆಲ್ಲ ಟೀವಿ ಅಕ್ಕ ಅಂತಲೇ ಕರೀತಿದ್ವಿ. ನಮ್ಮಣ್ಣ ಅಪ್ಪನ ಟೇಪ್‌ರೆಕಾರ್ಡರನ್ನ ಹೊತ್ತುಕೊಂಡು ಹೋಗಿ ಟೀವಿ ಮುಂದಿನ ಸ್ಟೂಲ್ ಮೇಲಿಟ್ಟು, ಎರಡು ಗುಂಡಿ ಒಟ್ಟಿಗೆ ಒತ್ತಿ, ಬಾಯಿ ಮೇಲೆ ಬೆರಳಿಟ್ಟು ನಮ್ಮ ಕಡೆ ತಿರುಗ್ತಿದ್ದ. ನಾವೆಲ್ಲಿ ಸುಮ್ನಿರ್ತೀವಿ? ಹಾಡಿನ ಜೊತೆ ಕಿರುಚಿ ಹಾಡೋದೇ. ಒಂದು ವಾರ ಕೆಟ್ಟರೆ ಮುಂದಿನ ಭಾನುವಾರದ ತನಕ ಕಾಯಬೇಕು. ಹಾಗಾಗಿ ಆ ಕ್ಯಾಸೆಟ್ಟಿನಲ್ಲಿ ಒಂದೇ ಹಾಡು ಆರು ಸಲ ಇದೆ.

ಅಂಗಡಿಯವರು ಮೊದಲು ಕ್ಯಾಸೆಟ್ಟನ್ನ ಬೆಳಕಿಗೆ ಹಿಡಿದು ನೋಡಿದ್ರು. ರೀಲನ್ನ ಹೆಡ್ಡಿಗೆ, ಅಂದ್ರೆ ಡೆಕ್ಕಿನೊಳಗೆ ರೀಲಿನ ದನಿ ಓದೋ ಭಾಗಕ್ಕೆ, ಒತ್ತಿ ಹಿಡಿಯೋ ಸಣ್ಣ ಫೆಲ್ಟ್ ತುಂಡು ಉದುರಿ ಹೋಗಿತ್ತು. ‘ಮನೇಲಿ ಹಾಕಿ ನೋಡಿದ್ರೇನಕ್ಕ?’ ಅಂತ ಕೇಳಿದ್ರು. ಇಲ್ಲ ಅಂದೆ. ‘ಒಳ್ಳೇದಾತು ಬಿಡ್ರಿ. ಎಷ್ಟೋ ವರ್ಷ ಸುಮ್ನಿದ್ದ ಟೇಪ್‌ರೆಕಾರ್ಡರಿನ ರಬ್ಬರು ಅಂಟಂಟಾಗಿರತೈತಿ, ರೀಲನ್ನ ನುಂಗಿಬಿಡತೈತಿ’ ಅಂದ್ರು. ಐದು ಸಣ್ಣ ಸ್ಕ್ರೂ ಬಿಚ್ಚಿ, ಬೇರೊಂದು ಕ್ಯಾಸೆಟ್ಟಿನ ಫೆಲ್ಟ್ ತೆಗೆದು ಇದಕ್ಕೆ ಕೂರಿಸಿದ್ರು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ ಒರೆಸಿದ್ರು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಇನ್ನೊಂದು ತಗೊಂಡ್ರು. ಮೂರನೇ ಹತ್ತಿ ಬೆಳ್ಳಗೇ ಉಳಿದ ಮೇಲೆಯೇ ಕ್ಯಾಸೆಟ್ ಒಳಗೆ ಹೋಗಿದ್ದು. ಈ ಒಂದು ಕೆಲಸಕ್ಕೇ ಅವರಿಗೆ ಪೂರ್ತಿ ಮಾರ್ಕು ಕೊಡ್ತೀನಿ.

ಇದರಲ್ಲಿ ಅವಸರ ನಡೆಯಲ್ಲ. ರೀಲು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತೆ, ಅಷ್ಟೇ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂರಲೇಬೇಕು. ಡೆಕ್ಕಿನಿಂದ ಕಂಪ್ಯೂಟರಿಗೆ ನೇರ ವೈರು ಹೋಗೋದ್ರಿಂದ ನಾವು ಮಾತಾಡಿದ್ದು ಅದಕ್ಕೆ ಸೇರಲ್ಲ. ಪಿಯುಸಿ ಓದೋ ಮಗಳು ನನ್ನ ಜೊತೆಗಿದ್ದಳು. ನಮ್ಮ ಜಂಗಲ್ ಬುಕ್ ಅನಿಮೆ, ಅಂದ್ರೆ ಜಪಾನಿನ ಕಾರ್ಟೂನು ಅಂತ ನನಗೆ ಗೊತ್ತಾಗಿದ್ದೇ ಅವಳಿಂದ. 1989ರಲ್ಲಿ ನಿಪ್ಪಾನ್ ಅನಿಮೇಷನ್‌ನವರು ಮಾಡಿದ 52 ಕಂತಿನ ಧಾರಾವಾಹಿ ಅದು. ಅಲ್ಲಿ ಅದಕ್ಕೆ ಬೇರೆಯದೇ ಹಾಡಿತ್ತು. ನಾವು ಕೇಳಿದ ಹಿಂದಿ ಹಾಡನ್ನ ಗುಲ್ಜಾರ್ ಬರೆದು, ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟಿದ್ದು ನಮ್ಮ ದೇಶಕ್ಕೇ ಅಂತ.

ಕಾಯೋ ಹೊತ್ತಿನಲ್ಲಿ ಮಗಳು ಫೋನಿನಲ್ಲಿ ಜಪಾನಿನ ಹಳೇ ಕಾರ್ಟೂನ್ ಹಾಡುಗಳನ್ನ ಒಂದೊಂದಾಗಿ ಹಾಕಿದಳು. 1974ರ ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ, ಇಸಾವೊ ಸಾಸಾಕಿ ಅನ್ನೋರ ಗಟ್ಟಿ ಗಂಡುದನಿ, ಹಿಂದೆ ತುತ್ತೂರಿಗಳು. ಅಂಗಡಿಯವರು ಹೆಡ್‌ಫೋನ್ ಸರಿಸಿ ಕಿವಿಗೊಟ್ಟರು. ‘ಬ್ಯಾಂಡ್‌ಸೆಟ್ಟಿನವರಿಗೆ ಕೊಡಬೇಕು ಇದನ್ನ’ ಅಂದ್ರು. ಅದೇ ವರ್ಷದ ಹೈಡಿಯ ಹಾಡಂತೂ ಬೆಟ್ಟದ ಆಚೆಯಿಂದ ಯಾರೋ ರಾಗವಾಗಿ ಕೂಗಿದ ಹಾಗೆ. ಭಾಷೆ ಗೊತ್ತಿಲ್ಲದಿದ್ದರೂ ಎರಡನೇ ಸಲಕ್ಕೆ ನಾನೂ ಗುನುಗ್ತಿದ್ದೆ. 1963ರ ಆಸ್ಟ್ರೋ ಬಾಯ್ ಹಾಡಿನ ಸಾಹಿತ್ಯ ಶುಂತಾರೊ ತನಿಕಾವಾ ಅನ್ನೋ ದೊಡ್ಡ ಕವಿಯದ್ದು ಅಂತ ತಿಳಿದಾಗ ನನಗೆ ಬಹಳ ಸಂತೋಷ ಆಯ್ತು. ಅಲ್ಲಿ ಅವರು, ಇಲ್ಲಿ ಗುಲ್ಜಾರ್. ಮಕ್ಕಳ ಕಾರ್ಟೂನಿಗೆ ಅಂತ ಯಾರೂ ಕೈಗೆ ಬಂದದ್ದು ಗೀಚಿ ಕೊಟ್ಟಿಲ್ಲ. ನಾಲ್ಕು ಸಾಲಿನ ಹಾಡು ಇಷ್ಟು ವರ್ಷ ನಾಲಿಗೆ ಮೇಲೆ ನಿಂತಿರೋದು ಅದಕ್ಕೇ ಇರಬೇಕು.

ಅಷ್ಟೊತ್ತಿಗೆ ಅಂಗಡಿಯವರು ಸ್ಕ್ರೀನ್ ತೋರಿಸಿದ್ರು. ದನಿ ಹಸಿರು ಗೆರೆಯಾಗಿ ಓಡ್ತಿತ್ತು. ಆರೂ ಸಲ ಹಾಡಿನ ಒಂದೇ ಜಾಗದಲ್ಲಿ ಗೆರೆ ಎದ್ದು ಮೇಲಿನ ಅಂಚಿಗೆ ಬಡಿದಿದೆ. ‘ಇಲ್ಲೇನಾಗೈತಿ ಅಕ್ಕ?’ ಅಂದ್ರು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹಾಡಿನಲ್ಲಿ ಚಡ್ಡಿ ಅನ್ನೋ ಪದ ಬರೋ ಜಾಗ ಅದು. ನಮಗ್ಯಾರಿಗೂ ಹಿಂದಿ ಬರ್ತಿರ್ಲಿಲ್ಲ, ಮಿಕ್ಕಿದ್ದೆಲ್ಲ ಬಾಯಿಗೆ ಬಂದ ಹಾಗೆ ಹಾಡ್ತಿದ್ವಿ. ಅದೊಂದು ಪದ ಮಾತ್ರ ಅಪ್ಪಟ ನಮ್ಮದು. ಇಡೀ ವಠಾರದ ಮಕ್ಕಳು ಅಲ್ಲಿ ಒಟ್ಟಿಗೆ ಕೂಗಿದ್ದೀವಿ.

ಈಗ ಬೇಸರದ ಮಾತು. ಮನೆಗೆ ಬಂದು ಪೆನ್‌ಡ್ರೈವ್ ಹಾಕಿದ್ರೆ ನಮ್ಮ ದನಿಗಳೆಲ್ಲ ನೀರೊಳಗಿಂದ ಬಂದ ಹಾಗಿದ್ವು. ಅವರು ನನ್ನನ್ನ ಕೇಳದೆ ಗದ್ದಲ ತೆಗೆದು ಕ್ಲೀನ್ ಮಾಡಿದ್ರು. ಕ್ಯಾಸೆಟ್ಟಿನ ‘ಸ್ಸ್’ ಅನ್ನೋ ಸದ್ದು ಇರೋದು ಎತ್ತರದ ಸ್ಥಾಯಿಯಲ್ಲಿ. ಮಕ್ಕಳ ಸಕಾರ ಶಕಾರ, ಚಪ್ಪಾಳೆಯ ಚುರುಕು ಇರೋದೂ ಅಲ್ಲೇ. ಒಂದನ್ನ ತೆಗೆದ್ರೆ ಇನ್ನೊಂದೂ ಹೋಗುತ್ತೆ. ಹಾಡು ಮಾತ್ರ ಬೇಕಿದ್ರೆ ಅದು ಫೋನಿನಲ್ಲೇ ಸಿಗುತ್ತೆ. ನಾನು ಹೋಗಿದ್ದು ಆ ಗದ್ದಲಕ್ಕೇ. ಮರುದಿನ ಹೋಗಿ ಹೇಳಿದೆ. ಪುಣ್ಯಕ್ಕೆ ಮೂಲ ಫೈಲನ್ನ ಅಳಿಸಿರಲಿಲ್ಲ. ಒಂದು ಮಾತೂ ಆಡದೆ, ದುಡ್ಡೂ ತಗೊಳ್ಳದೆ ಅದನ್ನೇ ಹಾಕಿಕೊಟ್ಟರು.

ಹೋಗೋರಿಗೆ ಹೇಳೋದಿಷ್ಟು. ಕ್ಲೀನ್ ಮಾಡಬೇಡಿ ಅಂತ ಮೊದಲೇ ಹೇಳಿ, ವೇವ್ ಫೈಲನ್ನೇ, ಅಂದ್ರೆ ದನಿಯನ್ನ ಕುಗ್ಗಿಸದೆ ಇಟ್ಟ ಫೈಲನ್ನೇ, ಕೇಳಿ ತಗೊಳ್ಳಿ. ಒಂದು ಗಂಟೆಗೆ ಸುಮಾರು 600 ಎಂಬಿ ಆಗುತ್ತೆ. ಎಂಪಿ3 ಆದ್ರೆ ಅದರ ಹತ್ತನೇ ಒಂದು ಭಾಗ, ಅಣ್ಣ ತಮ್ಮಂದಿರಿಗೆ ವಾಟ್ಸಾಪಿನಲ್ಲಿ ಕಳಿಸೋಕೆ ಅದು ಸಾಕು. ಹಾಡು ಹಾಡಾಗಿ ಕತ್ತರಿಸಿ ಕೊಡಲ್ಲ, ಒಂದು ಸೈಡಿಗೆ ಒಂದೇ ಉದ್ದನೆ ಫೈಲು. ನಂದನ್ನ ಮಗಳು ಕತ್ತರಿಸಿದಳು. ಕ್ಯಾಸೆಟ್ಟಿಗೆ ಮುನ್ನೂರು ರೂಪಾಯಿ ತಗೊಂಡ್ರು, ಆ ಹತ್ತಿ ಒರೆಸಿದ್ದು ನೋಡಿದ ಮೇಲೆ ನನಗೆ ಜಾಸ್ತಿ ಅನ್ನಿಸಲಿಲ್ಲ.

ಟೀವಿ ಅಕ್ಕ ಈಗ ಹರಿಹರದಲ್ಲಿ ಮಗನ ಮನೇಲಿದ್ದಾರೆ. ಫೋನಿನಲ್ಲೇ ಕೇಳಿಸಿದೆ. ಪ್ರತಿ ದನಿಯನ್ನೂ ಗುರುತು ಹಿಡಿದು, ‘ಇದು ನೀನು, ಚಪ್ಪಾಳೆ ತಪ್ಪಾಗಿ ಹೊಡಿಯೋದು ಮೂಲೆಮನೆ ಹುಡುಗ’ ಅಂದ್ರು. ತಮ್ಮ ಸಣ್ಣ ರೇಡಿಯೋಕ್ಕೆ ಚುಚ್ಚೋ ಪೆನ್‌ಡ್ರೈವಿನಲ್ಲಿ ಬೇಕಂತೆ. ಅದಕ್ಕೆ ನಾಳೆ ಮತ್ತೆ ಮಂಡಿಪೇಟೆಗೆ ಹೋಗ್ತೀನಿ, ಬೆಳಿಗ್ಗೆ ಹನ್ನೊಂದರೊಳಗೆ. ಆಮೇಲೆ ಮಿಕ್ಸಿ ಜಾರ್ ತಂದೋರ ಸಾಲು ರಸ್ತೆ ತನಕ ನಿಂತಿರುತ್ತೆ.