ಸ್ಪ್ರಿಂಗ್ ಏರ್ ರೈಫಲ್‌ಗೆ ಅಗ್ಗದ ಸ್ಕೋಪ್ ಕೂರಿಸುವ ಮುನ್ನ

2,800 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ 3–9×40 ಸ್ಕೋಪ್ (ಗುರಿಯನ್ನು 3ರಿಂದ 9 ಪಟ್ಟು ಹಿಗ್ಗಿಸಿ ತೋರುವ, 40 ಮಿ.ಮೀ. ಮುಂಮಸೂರದ ದುರ್ಬೀನು) ಒಂದು ನನ್ನ ಮೂರು ಭಾನುವಾರಗಳನ್ನೂ ಐನೂರರ ಹತ್ತಿರ ಪೆಲೆಟ್‌ಗಳನ್ನೂ (ಏರ್ ರೈಫಲ್‌ನ ಸಣ್ಣ ಗುಂಡುಗಳು) ತಿಂದುಹಾಕಿತು. ಆ ನಷ್ಟವನ್ನು ಸಹಿಸಬಹುದಿತ್ತು. ಆದರೆ ಆಗಷ್ಟೇ ಗುರಿ ಹಿಡಿಯಲು ಕಲಿಯುತ್ತಿದ್ದ ಹದಿನಾಲ್ಕು ವರ್ಷದ ನನ್ನ ಮಗಳು, ತಪ್ಪು ತನ್ನ ಕೈಯದೇ ಎಂದು ನಂಬಿಕೊಂಡು ರೈಫಲ್ ಮುಟ್ಟಲು ಹಿಂಜರಿಯುವ ಮಟ್ಟಕ್ಕೆ ಬಂದಿದ್ದಳು. ಇನ್ನೊಂದು ಮನೆಯಲ್ಲಿ ಹೀಗಾಗಬಾರದೆಂದು ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು 0.177 ಇಂಚು ಬೋರಿನ (ನಳಿಗೆಯ ಒಳವ್ಯಾಸ), ಅಂದರೆ 4.5 ಮಿ.ಮೀ. ಪೆಲೆಟ್ ಹಾರಿಸುವ, ನಳಿಗೆಯನ್ನು ಕೆಳಕ್ಕೆ ಮಡಚಿ ಸ್ಪ್ರಿಂಗ್ ಬಿಗಿಯುವ ಸ್ಪ್ರಿಂಗ್ ಏರ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಈ ಬೋರಿನೊಳಗಿನ, ಹೊಡೆತದ ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ಗಳಿಗೆ ಪರವಾನಗಿ ಬೇಕಿಲ್ಲವಾದ್ದರಿಂದ ನಮ್ಮಲ್ಲಿ ಹೆಚ್ಚಿನವರು ಅಭ್ಯಾಸ ಶುರುಮಾಡುವುದೇ ಇಂಥದ್ದರಿಂದ. ರೈಫಲ್ ಜೊತೆಗೇ ಬಂದಿದ್ದ, ಮಸೂರವಿಲ್ಲದ ಸಾದಾ ಸೈಟ್‌ನಲ್ಲಿ (ಗುರಿ ಹಿಡಿಯುವ ಸಾಧನ) ಮಗಳು 25 ಮೀಟರ್ ದೂರದಲ್ಲಿ ಐದು ಪೆಲೆಟ್‌ಗಳನ್ನು ಒಂದು ನಿಂಬೆಹಣ್ಣಿನಷ್ಟು ಜಾಗದಲ್ಲಿ ಕೂರಿಸುತ್ತಿದ್ದಳು. ಸ್ಕೋಪ್ ಇದ್ದರೆ ಇನ್ನಷ್ಟು ಹುರುಪು ಬಂದೀತೆಂದು ತರಿಸಿದವನು ನಾನು. ಪೆಟ್ಟಿಗೆಯ ಮೇಲೆ ಶಾಕ್‌ಪ್ರೂಫ್, ಫಾಗ್‌ಪ್ರೂಫ್, ಎಲ್ಲ ರೈಫಲ್‌ಗಳಿಗೂ ಹೊಂದುವಂಥದ್ದು ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು.

ಮೊದಲ ಭಾನುವಾರ ರೇಂಜ್‌ನಲ್ಲಿ ಸುಮಾರು ಐವತ್ತು ಪೆಲೆಟ್‌ಗಳವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಕೊಂಡ ದಿನವೇ ಸಂತೋಷದಿಂದ ಹೊಗಳಿ ಬರೆದು ಐದು ನಕ್ಷತ್ರ ಕೊಡುವವರೆಲ್ಲ ನೋಡಿರುವುದು ಈ ಮೊದಲ ಐವತ್ತು ಪೆಲೆಟ್‌ಗಳನ್ನು ಮಾತ್ರ. ಅಲ್ಲಿಂದಾಚೆಗೆ ಗುಂಪು, ಅಂದರೆ ಒಂದೇ ಕಡೆ ಒತ್ತಾಗಿ ಬೀಳಬೇಕಾದ ಪೆಲೆಟ್‌ಗಳ ತೂತುಗಳು, ಚದುರತೊಡಗಿತು. ಎಡಕ್ಕೆ ಬೀಳುತ್ತಿದ್ದ ಪೆಲೆಟ್‌ಗಳನ್ನು ಸರಿಪಡಿಸಲು ಟರೆಟ್ (ಸ್ಕೋಪಿನ ಗುರಿಯನ್ನು ಸರಿಸುವ ತಿರುಗುಗುಂಡಿ) ತಿರುಗಿಸಿದರೆ ಮೊದಲ ಎರಡು ಹೊಡೆತಗಳಲ್ಲಿ ಏನೂ ಬದಲಾಗದೆ, ಮೂರನೆಯದು ಇದ್ದಕ್ಕಿದ್ದಂತೆ ಬಲಗಡೆಗೆ ಹಾರಿಬಿಡುತ್ತಿತ್ತು. ನಾನು ಮಗಳ ಉಸಿರಾಟ ತಿದ್ದಿದೆ, ಟ್ರಿಗರ್ ಮೇಲಿನ ಬೆರಳನ್ನು ತಿದ್ದಿದೆ, ಕೆನ್ನೆ ಊರುವ ಜಾಗವನ್ನು ತಿದ್ದಿದೆ. ತಿದ್ದಬೇಕಾಗಿದ್ದದ್ದು ಅವಳನ್ನಲ್ಲ ಎಂದು ನನಗೆ ಹೊಳೆಯಲು ಇನ್ನೊಂದು ವಾರ ಹಿಡಿಯಿತು.

ಎರಡನೆಯ ಭಾನುವಾರ ಮೌಂಟ್ (ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಹಿಡಿಕೆ) ಜಾರುತ್ತಿದೆಯೇನೋ ಎಂಬ ಅನುಮಾನದಿಂದ, ಕೆಳಗೆ ರೈಫಲ್ ಮೇಲೆ ಮೌಂಟ್ ಕೂರುವ 11 ಮಿ.ಮೀ. ಡವ್‌ಟೇಲ್ ಹಳಿಯಿಂದ ಮೌಂಟ್‌ಗೂ, ಮೌಂಟ್‌ನ ಬಳೆಯಿಂದ ಸ್ಕೋಪಿನ ಕೊಳವೆಗೂ ಅಡ್ಡಲಾಗಿ ಮಗಳ ಕೆಂಪು ನೇಲ್ ಪಾಲಿಶ್‌ನಿಂದ ಕೂದಲೆಳೆಯಷ್ಟು ತೆಳುವಾದ ಎರಡು ಗೆರೆಗಳನ್ನು ಎಳೆದೆ. ಜಾರಿದ್ದರೆ ಗೆರೆ ಒಡೆದು ಎರಡು ತುಂಡಾಗಬೇಕಿತ್ತು. ನೂರು ಪೆಲೆಟ್‌ಗಳ ನಂತರವೂ ಅವು ಒಡೆದಿರಲಿಲ್ಲ. ಹಾಗಾದರೆ ಅಲುಗುತ್ತಿದ್ದದ್ದು ಸ್ಕೋಪಿನ ಒಳಗೇ.

ಮೂರನೆಯ ಭಾನುವಾರ ರೈಫಲನ್ನು ಮರಳಿನ ಚೀಲಗಳ ಮೇಲಿಟ್ಟು ಚೌಕದ ಪರೀಕ್ಷೆ ಮಾಡಿದೆವು. ಇಂಥ ಸ್ಕೋಪಿನಲ್ಲಿ ಟರೆಟ್‌ನ ಒಂದು ಕ್ಲಿಕ್ ಎಂದರೆ ಕಾಲು ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ ಅರವತ್ತರಲ್ಲೊಂದು ಭಾಗದ ಕೋನ). 25 ಮೀಟರ್‌ನಲ್ಲಿ ಅದು 1.8 ಮಿ.ಮೀ. ಆಗುವುದರಿಂದ 20 ಕ್ಲಿಕ್‌ಗೆ ಪೆಲೆಟ್ 36 ಮಿ.ಮೀ. ಸರಿಯಬೇಕು. ಗುರಿ ಒಂದೇ ಚುಕ್ಕೆಯ ಮೇಲಿದ್ದಂತೆ 20 ಕ್ಲಿಕ್ ಬಲಕ್ಕೆ, 20 ಕೆಳಕ್ಕೆ, 20 ಎಡಕ್ಕೆ, 20 ಮೇಲಕ್ಕೆ ತಿರುಗಿಸಿ ಪ್ರತಿ ಮೂಲೆಯಲ್ಲೂ ಮೂರು ಮೂರು ಹೊಡೆದರೆ ಕಾಗದದ ಮೇಲೆ ಒಂದು ಚೌಕ ಮೂಡಿ, ಕೊನೆಯ ಪೆಲೆಟ್‌ಗಳು ಹೊರಟ ಜಾಗಕ್ಕೇ ಮರಳಬೇಕು. ನಮ್ಮ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರೆ ಚೌಕವೇ ಇರಲಿಲ್ಲ. ಬಲಕ್ಕೆ 36 ಹೋಗಬೇಕಾದದ್ದು 15 ಮಿ.ಮೀ. ಹೋಗಿತ್ತು, ಕೆಳಗಿನ ಮೂಲೆಯ ಮೂರು ತೂತುಗಳು ಒಂದರಿಂದೊಂದು ಎರಡೆರಡು ಬೆರಳಿನಷ್ಟು ದೂರವಿದ್ದವು, ಮರಳಿ ಬಂದ ಪೆಲೆಟ್‌ಗಳು ಹೊರಟ ಜಾಗಕ್ಕಿಂತ 30 ಮಿ.ಮೀ. ಪಕ್ಕಕ್ಕೆ ಬಿದ್ದಿದ್ದವು. ಅಲ್ಲೇ ಸ್ಕೋಪ್ ಕಳಚಿ ಸಾದಾ ಸೈಟ್‌ನಲ್ಲಿ ಹೊಡೆಯಲು ಹೇಳಿದೆ. ಐದು ಪೆಲೆಟ್‌ಗಳು ಮತ್ತೆ ನಿಂಬೆಹಣ್ಣಿನಷ್ಟು ಜಾಗದಲ್ಲಿ ಕೂತವು. ಮಗಳು ಆ ಕಾಗದದ ಮುಂದೆ ಬಹಳ ಹೊತ್ತು ನಿಂತಿದ್ದಳು.

ಹೀಗಾಗಲು ಕಾರಣವಿದೆ. ಗುಂಡು ಸಿಡಿಸುವ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಏರ್ ರೈಫಲ್‌ನಲ್ಲಾದರೋ ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಮರುಕ್ಷಣವೇ ಪಿಸ್ಟನ್ ಸಿಲಿಂಡರಿನ ತುದಿಯಲ್ಲಿ ತಡೆದು ನಿಂತಾಗ ರೈಫಲ್ ಮುಂದಕ್ಕೆ ಜಗ್ಗಲ್ಪಡುತ್ತದೆ. ಸಾಮಾನ್ಯ ಸ್ಕೋಪಿನ ಮಸೂರಗಳನ್ನೂ, ಟರೆಟ್ ತಿರುಗಿಸಿದಾಗ ಸರಿಯುವ ಒಳಕೊಳವೆಯನ್ನೂ ಹಿಂದೊದೆತ ತಾಳುವಂತೆ ಕೂರಿಸಿರುತ್ತಾರೆಯೇ ಹೊರತು ಈ ಮುಂಜಗ್ಗನ್ನು ತಾಳುವಂತೆ ಅಲ್ಲ. ಆದ್ದರಿಂದಲೇ ದೊಡ್ಡ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳುವ ದುಬಾರಿ ಸ್ಕೋಪ್ ಕೂಡ ಈ ಪುಟ್ಟ ರೈಫಲ್ ಮೇಲೆ ಹಾಳಾದೀತು. ಟರೆಟ್‌ಗೆ ಎದುರಾಗಿ ಒಳಕೊಳವೆಯನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ದುರ್ಬಲವಾಗಿದ್ದರೆ ಕ್ಲಿಕ್ ತಿರುಗಿದರೂ ಕೊಳವೆ ಸಿಕ್ಕಿಕೊಂಡಿದ್ದು, ಮುಂದಿನ ಯಾವುದೋ ಹೊಡೆತದ ಅದುರಿಗೆ ಸರಿಯುತ್ತದೆ. ನಮ್ಮ ಮೂರನೆಯ ಪೆಲೆಟ್ ಹಾರುತ್ತಿದ್ದದ್ದು ಹೀಗೆ.

ಇನ್ನೊಂದು ದೋಷ ಮೊದಲ ದಿನದಿಂದಲೂ ಇತ್ತು. ಫೋಕಸ್ ಹೊಂದಿಸಲಾಗದ ಇಂಥ ಸ್ಕೋಪ್‌ಗಳ ಪ್ಯಾರಲಾಕ್ಸನ್ನು (ಕಣ್ಣು ಸರಿದಂತೆ ಗುರಿಗೆರೆಯೂ ಸರಿದಂತೆ ಕಾಣುವ ದೋಷ) ಸಾಮಾನ್ಯವಾಗಿ 100 ಗಜ ದೂರದಲ್ಲಿ ಇಲ್ಲದಂತೆ ಹೊಂದಿಸಿರುತ್ತಾರೆ, ಅದಕ್ಕಿಂತ ಹತ್ತಿರದಲ್ಲಿ ಅದು ಉಳಿಯುತ್ತದೆ. ರೈಫಲನ್ನು ಮುಟ್ಟದೆ ತಲೆಯನ್ನಷ್ಟೇ ಆಚೀಚೆ ಸರಿಸಿದರೆ, 25 ಮೀಟರ್ ದೂರದ ಕಪ್ಪು ವೃತ್ತದ ಮೇಲೆ ಸ್ಕೋಪಿನೊಳಗೆ ಕಾಣುವ ಅಡ್ಡಗೆರೆಗಳು ಒಂದು ಸೆಂಟಿಮೀಟರ್‌ನಷ್ಟು ಆಚೀಚೆ ಹೋಗುತ್ತಿದ್ದವು. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಊರದ ಮಕ್ಕಳಿಗೆ ಇದೊಂದೇ ಸಾಕು ಗುಂಪು ಕೆಡಿಸಲು.

ಹಣ ಮರಳಿ ಬರಲಿಲ್ಲ. ಹಿಂದಿರುಗಿಸುವ ಹತ್ತು ದಿನಗಳ ಗಡುವು ಎರಡನೆಯ ಭಾನುವಾರಕ್ಕೇ ಮುಗಿದಿತ್ತು, ಕೊಳವೆಯ ಮೇಲೆ ಬಳೆಯ ಗುರುತು ಬಿದ್ದಿರುವುದರಿಂದ ಹೇಗೂ ತೆಗೆದುಕೊಳ್ಳುವುದಿಲ್ಲವೆಂದು ಮಾರಿದವರು ಬರೆದರು. ಆದ್ದರಿಂದ ಕೊಳ್ಳಲೇಬೇಕೆಂದಿದ್ದರೆ ಕೂರಿಸಿದ ಮೇಲೂ ವಾಪಸ್ ಪಡೆಯುತ್ತಾರೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿ. ಸ್ಪ್ರಿಂಗ್ ರೈಫಲ್‌ಗೆಂದೇ ಮಾಡಿದ್ದೆಂದು ತಯಾರಕರು ಸ್ಪಷ್ಟವಾಗಿ ಹೇಳಿರಲಿ, ಫೋಕಸ್ ಹತ್ತು ಗಜದವರೆಗೆ ಇಳಿಯುವಂತಿರಲಿ, ಮೌಂಟ್‌ಗೆ ಹಳಿಯ ಮೇಲೆ ಜಾರದಂತೆ ಹಿಡಿಯುವ ತಡೆಗೂಟ ಇರಲಿ. ಬಂದ ವಾರದಲ್ಲೇ ನೂರೈವತ್ತು ಪೆಲೆಟ್ ಹೊಡೆದು, ಆಮೇಲೆ ಚೌಕದ ಪರೀಕ್ಷೆ ಮಾಡಿ. ಗುಂಪು ಚದುರಿದರೆ ಹೊಡೆಯುವವರನ್ನು ತಿದ್ದುವ ಮೊದಲು ಸ್ಕೋಪ್ ಕಳಚಿ ನೋಡಿ.

ಆ ಸ್ಕೋಪನ್ನು ಈಗ ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಸಣ್ಣ ಸದ್ದು ಬರುತ್ತದೆ, ಅಡ್ಡಗೆರೆಗಳು ಒಂದು ಬದಿಗೆ ವಾಲಿವೆ. ರೇಂಜ್‌ನಲ್ಲಿ ಪರಿಚಯದವರೊಬ್ಬರು ತಮ್ಮ ಮಗನ ರೈಫಲ್‌ಗೆಂದು 800 ರೂಪಾಯಿಗೆ ಅದನ್ನು ಕೇಳಿದರು. ನಾನು ಅವರಿಗೆ ಆ ತೂತುಬಿದ್ದ ಕಾಗದವನ್ನು ತೋರಿಸಿ, ಸ್ಕೋಪನ್ನು ಚೀಲದಲ್ಲೇ ಇಟ್ಟುಕೊಂಡು ಮನೆಗೆ ತಂದೆ.